ಕೌದಿ ಹೊದ್ದ ಟಿವಿ

ತುರ್ವಿಹಾಳದ ಅಮರಮ್ಮನ ಮನೆಯಲ್ಲಿ ಕೌದಿ ಹೊದೆಯುವವರು ಮೂರು ಮಂದಿ: ಅಮರಮ್ಮ, ಅವಳ ಗಂಡ ದುರುಗಪ್ಪ, ಮತ್ತು ಟಿವಿ. ಮೂರರಲ್ಲಿ ಒಳ್ಳೆಯ ಕೌದಿ ಟಿವಿಯದು. ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿ, ಒಳಗೆ ಮೆತ್ತನೆಯ ಧೋತರದ ಅರಿವೆ ಇಟ್ಟು, ಒಂದು ಬೇಸಿಗೆಯೆಲ್ಲ ಕೂತು, ಟಿವಿಯ ಅಳತೆಗೆ ಸರಿಯಾಗಿ ಹೊಲಿದದ್ದು. ದುರುಗಪ್ಪನ ಕೌದಿಯಲ್ಲಿ ಕಾಲಿನ ಹೆಬ್ಬೆರಳು ಹೊರಗೆ ಇಣುಕುವಷ್ಟು ತೂತಿತ್ತು. ಅವನು ಅದನ್ನು ಹೆಂಡತಿಗೆ ಎಷ್ಟೋ ಸಲ ತೋರಿಸಿದ್ದ.

"ನಿಮ್ಮ ಬೆರಳಿಗೆ ಧೂಳು ಕುಂತ್ರ ತೊಳಕೋಬಹುದು. ಟಿವಿಗೆ ಕುಂತ್ರ?" ಎಂದು ಅವಳು ಅವನ ಬಾಯಿ ಮುಚ್ಚಿಸಿದ್ದಳು.

ಪಕ್ಕದ ಮನೆಯ ಪೀರಮ್ಮ ಉಪ್ಪು ಕೇಳಲು ಬಂದಾಗಲೆಲ್ಲ ಗೋಡೆಯ ಕಡೆ ನೋಡಿ ನಗುತ್ತಿದ್ದಳು. "ಯಕ್ಕಾ, ನಿನ್ನ ಟಿವಿ ಏನರ ಹಡದೈತೇನ? ಬಾಣಂತಿಗೆ ಹೊಚ್ಚಿದಂಗ ಹೊಚ್ಚೀಯಲ್ಲ. ಕಿವ್ಯಾಗ ಹತ್ತಿ ಇಟ್ಟೀಯೋ ಇಲ್ಲೋ?"

ಪೀರಮ್ಮ ತಮಾಷೆಗೆ ಅಂದದ್ದು. ಆದರೆ ಅಮರಮ್ಮ ನಿಜವಾಗಿಯೂ ಟಿವಿಯ ಹಿಂದಿನ ಸಣ್ಣ ಸಣ್ಣ ಕಿಂಡಿಗಳಿಗೆಲ್ಲ ಹತ್ತಿ ತುರುಕಿದ್ದಳು, ಇರುವೆ ಹೋಗಬಾರದೆಂದು.

ಇಷ್ಟೆಲ್ಲ ಜೋಪಾನಕ್ಕೆ ಕಾರಣ ಟಿವಿಯ ಮೇಲಿನ ಪ್ರೀತಿ ಅಂದುಕೊಂಡರೆ ತಪ್ಪು. ಕಾರಣ ಒಂದು ತಾಮ್ರದ ಹಂಡೆ.

ಅದು ಅವಳ ಅವ್ವನ ಹಂಡೆ. ಲಿಂಗಸೂಗೂರಿನ ತವರುಮನೆಯ ಅಂಗಳದಲ್ಲಿ, ಮೂಲೆಯ ಒಲೆಯ ಮೇಲೆ ಅದು ಕೂತಿದ್ದ ಕಾಲದಲ್ಲಿ ಆ ಮನೆಯವರಿಗಷ್ಟೇ ಅಲ್ಲ, ಬಂದ ಬೀಗರಿಗೂ ಅದರದೇ ಬಿಸಿನೀರು. ಆರು ಕೊಡ ನೀರು ಹಿಡಿಯುವ ಹೊಟ್ಟೆ. ಆ ಹೊಟ್ಟೆಯ ಒಂದು ಕಡೆ ತೆಂಗಿನ ಹೋಳು ಕೂರುವಷ್ಟು ತಗ್ಗು. ಅವ್ವ ತೀರಿಕೊಂಡ ಮೇಲೆ ತಮ್ಮ ಹನುಮಂತರಾಯ ಬಚ್ಚಲಿಗೆ ಕರೆಂಟಿನ ಗೀಸರ್ ಹಾಕಿಸಿದ. ಹಂಡೆ ಅಂಗಳದಲ್ಲಿ ಬೋರಲು ಬಿತ್ತು. ಅದು ತನಗೆ ಬೇಕು ಅಂದಳು ಅಮರಮ್ಮ. ತನಗೆ ಬೇಕು ಅಂದಳು ಮೂವರಲ್ಲಿ ಕಿರಿಯಳಾದ ತಂಗಿ ಗಂಗಾದೇವಿ.

ಗಂಗಾದೇವಿಯನ್ನು ಕೊಟ್ಟದ್ದು ಮಸ್ಕಿಗೆ. ಅಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೆ ಅವಳದು ಮಿರ್ಚಿ ಭಜಿಯ ಅಂಗಡಿ. ಏಳು ವರ್ಷದ ಹಿಂದೆ, ದಸರೆಯ ಮುಂದೆ, ಅಕ್ಕ ತಂಗಿ ಇಬ್ಬರೂ ಸಿಂಧನೂರಿಗೆ ಹೋಗಿ ಚಾಂದ್‌ಪಾಷಾನ ಅಂಗಡಿಯಲ್ಲಿ ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿವಿ ತಗೊಂಡರು. ಒಂದೇ ದಿನ, ಒಂದೇ ಕಂಪನಿ, ಒಂದೇ ಅಳತೆ. ಬೇರೆ ಬೇರೆ ತಗೊಂಡಿದ್ದರೆ ಯಾರದು ದೊಡ್ಡದು ಎಂದು ಇನ್ನೊಂದು ಜಗಳ ಆಗುತ್ತಿತ್ತು.

"ಇದು ಎಷ್ಟ್ ವರ್ಷ ಬರ್ತೈತಿ ಭಾಯ್?" ಎಂದು ಅಮರಮ್ಮ ಕೇಳಿದ್ದಳು.

"ದಿನಾ ಐದು ತಾಸು ನೋಡಿದ್ರ ಏಳು ವರ್ಷಕ್ಕ ಮೋಸ ಇಲ್ಲಕ್ಕಾ. ಅದರ ಮ್ಯಾಲ ಬಂದ್ರ ನಿಮ್ಮ ನಸೀಬು," ಅಂದಿದ್ದ ಚಾಂದ್‌ಪಾಷಾ.

ಡಬ್ಬಿ ಹೊರಲು ಬಂದಿದ್ದ ಹನುಮಂತರಾಯ ಎರಡನ್ನೂ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಅಕ್ಕ ತಂಗಿಯರು ಬಸ್ಸು ಬರುವ ತನಕ ಸುಮ್ಮನೆ ಯಾಕೆ ಕೂರಬೇಕೆಂದು ಹಂಡೆಯ ಮಾತು ತೆಗೆದರು.

"ಹಂಡೆ ನನಗ ಬರಬೇಕು. ನಾ ಹಿರೇಕಿ."

"ಹಿರೇಕಿ ಆಗಿ ಏನ್ ಕಡದು ಗುಡ್ಡಿ ಹಾಕೀಯಬೇ? ಕಡೀ ದಿನದಾಗ ಅವ್ವಗ ಜಳಕಾ ಮಾಡ್ಸಿದಾಕಿ ನಾನು."

"ನಿನ್ನ ಕೈಯಾಗ ಕೊಟ್ರ ಅದರಾಗ ಭಜಿ ಹಿಟ್ಟು ಕಲಸ್ತೀ."

"ನಿನ್ನ ಕೈಯಾಗ ಕೊಟ್ರ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ತೀ!"

ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಸ್ಸು ಬಂದರೂ ಹತ್ತದೆ ನಿಂತು ನೋಡತೊಡಗಿದಾಗ ಹನುಮಂತರಾಯನಿಗೆ ನಾಚಿಕೆಯಾಯಿತು.

"ಸಾಕ್ ಮಾಡ್ರಬೇ! ನನ್ನ ಫೈಸ್ಲಾ ಕೇಳ್ರಿ. ಇಬ್ರೂ ಒಂದ ನಮೂನಿ ಟಿವಿ ತಗೊಂಡೀರಿ. ಸಾಮಾನು ಯಾರು ಜ್ವಾಪಾನ ಮಾಡ್ತಾರೋ ಅವರಿಗೆ ಹಂಡೆ. ಏಳನೇ ವರ್ಷದ ದಸರಾ ಮಾನೌಮಿಗೆ ಬಂದು ನೋಡ್ತೀನಿ. ಯಾರ ಟಿವಿ ನಡೀತಿರ್ತೈತೋ ಹಂಡೆ ಅವರದು. ಎರಡೂ ನಡೀತಿದ್ರ ಯಾವದು ಚಂದ ಐತೋ ಅವರದು. ಕಬೂಲೋ?"

ಏಳು ವರ್ಷದಲ್ಲಿ ಇಬ್ಬರೂ ಮರೆಯುತ್ತಾರೆ ಎಂಬುದು ಅವನ ಲೆಕ್ಕ. ಒಡಹುಟ್ಟಿದವರನ್ನು ನಲವತ್ತು ವರ್ಷದಿಂದ ನೋಡಿಯೂ ಅಂಥ ಲೆಕ್ಕ ಹಾಕಿದ್ದ, ಪಾಪ.

ಅಮರಮ್ಮ ಮನೆ ಮುಟ್ಟುವುದರೊಳಗೆ ತನ್ನದೇ ಒಂದು ಲೆಕ್ಕ ಮುಗಿಸಿದ್ದಳು. ದಿನಕ್ಕೆ ಐದು ತಾಸಿನಂತೆ ಏಳು ವರ್ಷ. ಹಾಗಾದರೆ ದಿನಕ್ಕೆ ಅರ್ಧ ತಾಸಿನಂತೆ ನೋಡಿದರೆ ಎಪ್ಪತ್ತು ವರ್ಷ.

"ಎಪ್ಪತ್ತು ವರ್ಷ!" ದುರುಗಪ್ಪ ಬಾಯಿ ತೆರೆದ. "ಅಷ್ಟೊತ್ತಿಗೆ ನೀನೂ ಇರಂಗಿಲ್ಲ, ನಾನೂ ಇರಂಗಿಲ್ಲ. ಅದನ್ನ ನೋಡವ್ರು ಯಾರು?"

"ನೋಡೂದು ಬ್ಯಾರೆ, ಬಾಳಿಕಿ ಬ್ಯಾರೆ," ಅಂದಳು ಅಮರಮ್ಮ.

ಕಾಲುವೆ ಕೆಳಗಿನ ಊರಿನವರಿಗೆ ಪಾಳಿ ಹೊಸದಲ್ಲ. ಇಂಥ ದಿನ ಇಂಥವರ ಗದ್ದೆಗೆ ನೀರು, ಹೊತ್ತು ಮುಗಿದರೆ ತೂಬು ಬಂದ್. ಅಮರಮ್ಮನ ಮನೆಯಲ್ಲಿ ಟಿವಿಗೂ ಹಾಗೆಯೇ ಪಾಳಿ ಬಿತ್ತು. ಸಂಜೆ ಏಳರಿಂದ ಏಳೂವರೆ. ಸೋಮವಾರ, ಬುಧವಾರ, ಶುಕ್ರವಾರ ದುರುಗಪ್ಪನ ಪಾಳಿ, ಉಳಿದದ್ದು ಅವಳದು. ಕೌದಿ ತೆಗೆಯುವುದು, ಮಡಚುವುದು, ಮತ್ತೆ ಹೊಚ್ಚುವುದು ಎಲ್ಲ ಅವಳ ಕೈಯಿಂದಲೇ. ದುರುಗಪ್ಪ ಚಾನಲ್ ಬದಲಿಸಿದರೆ "ಅದರ ಗುಂಡಿ ಸವೀತಾವ" ಅನ್ನುತ್ತಿದ್ದಳು. ದನಿ ಏರಿಸಿದರೆ "ಅದರ ಗಂಟಲಿಗೆ ತ್ರಾಸು" ಅನ್ನುತ್ತಿದ್ದಳು. ಕ್ರಿಕೆಟ್ ಇದ್ದ ದಿನ ದುರುಗಪ್ಪ ತನ್ನ ಸ್ಟೂಲು ತಾನೇ ಹೊತ್ತುಕೊಂಡು ಪೀರಮ್ಮನ ಮನೆಗೆ ಹೋಗುತ್ತಿದ್ದ. ಮಗಳು ಮೌನೇಶ್ವರಿ ಬಳಗಾನೂರಿನ ಗಂಡನ ಮನೆಯಿಂದ ಹಬ್ಬಕ್ಕೆ ಬಂದವಳು, ಧಾರಾವಾಹಿ ಮುಗಿಯುವ ತನಕ ಹತ್ತು ನಿಮಿಷ ಹೆಚ್ಚು ಕೇಳಿದ್ದಕ್ಕೆ, ಅಮರಮ್ಮ ಮರುದಿನ ಅಪ್ಪನ ಪಾಳಿಯಲ್ಲಿ ಆ ಹತ್ತು ನಿಮಿಷ ಮುರಿದುಕೊಂಡಳು.

"ಮಗಳ ತಪ್ಪಿಗೆ ನನಗ್ಯಾಕ ದಂಡ?"

"ಮುದ್ದು ಮಾಡಿ ಬೆಳಸಿದವ್ರು ಯಾರು?"

ಎರಡು ಮೂರು ತಿಂಗಳಿಗೊಮ್ಮೆ ಅಮರಮ್ಮನಿಗೆ ತಂಗಿಯ ಮೇಲೆ ಇದ್ದಕ್ಕಿದ್ದಂತೆ ಅಂತಃಕರಣ ಉಕ್ಕುತ್ತಿತ್ತು. ಸಜ್ಜೆ ರೊಟ್ಟಿ, ಅಗಸಿ ಹಿಂಡಿ ಕಟ್ಟಿಕೊಂಡು, ಸಿಂಧನೂರಿನಲ್ಲಿ ಬಸ್ಸು ಬದಲಿಸಿ ಮಸ್ಕಿಯಲ್ಲಿ ಇಳಿಯುವಳು. ಇಳಿದವಳು ಮೊದಲು ಅಂಗಡಿಯ ಗೋಡೆ ನೋಡುವಳು, ಆಮೇಲೆ ತಂಗಿಯನ್ನು.

"ಬಾ ಯಕ್ಕಾ," ಅನ್ನುವಳು ಗಂಗಾದೇವಿ, ಕಡಾಯಿಯಲ್ಲಿ ಮೆಣಸಿನಕಾಯಿ ತಿರುವುತ್ತ. "ನನ್ನ ಮಾತಾಡ್ಸಾಕ ಬಂದೀಯೋ, ಅದರ ಆರೋಗ್ಯ ವಿಚಾರ್ಸಾಕ ಬಂದೀಯೋ?"

"ನಿನ್ನ ನೋಡಾಕ ಬಂದೀನಬೇ."

"ಮತ್ತ ನನ್ನ ಮಾರಿ ಇಲ್ಲಿ ಐತಿ. ಮ್ಯಾಲ ಅಲ್ಲ."

ಆ ಟಿವಿಯ ಬಾಳು ನೋಡಿದರೆ ಅಮರಮ್ಮನಿಗೆ ಅಳುವೂ ಬರುತ್ತಿತ್ತು, ಸಂತೋಷವೂ ಆಗುತ್ತಿತ್ತು. ಮುಂಜಾನೆ ಮೊದಲ ಬಸ್ಸಿಗೆ ಶುರುವಾದದ್ದು ರಾತ್ರಿ ಕಡೆಯ ಬಸ್ಸು ಹೋದ ಮೇಲೆ ಬಂದ್. ಕಡಾಯಿಯ ಹೊಗೆ ಕುಡಿದು ಕುಡಿದು ಅದರ ಅಂಚು ಭಜಿಯ ಬಣ್ಣಕ್ಕೆ ತಿರುಗಿತ್ತು. ಹಿಂದೆ ಒಂದು ಹಲ್ಲಿ ಸಂಸಾರ ಹೂಡಿತ್ತು. ರಿಮೋಟು ಗಿರಾಕಿಗಳ ಕೈಯಿಂದ ಕೈಗೆ ಹೋಗಿ, ಎಣ್ಣೆ ಜಾರಿ, ದಿನಕ್ಕೆ ನಾಲ್ಕು ಸಲ ನೆಲಕ್ಕೆ ಬೀಳುತ್ತಿತ್ತು. ಇಷ್ಟಾದರೂ ಆ ಟಿವಿ ಸಾಯಲಿಲ್ಲ. ಅಮರಮ್ಮ ಎರಡು ಮಿರ್ಚಿ ತಿಂದು, ನಿಟ್ಟುಸಿರು ಬಿಟ್ಟು, ವಾಪಸು ಬಸ್ಸು ಹತ್ತುವಳು.

ಐದನೇ ವರ್ಷ ಹೋದಾಗ ಮಾತ್ರ ಅವಳ ಕಣ್ಣು ಅರಳಿದವು. ಟಿವಿಯಲ್ಲಿ ಎಲ್ಲರೂ ನೀಲಿ ಆಗಿದ್ದರು. ಸುದ್ದಿ ಓದುವವಳು ನೀಲಿ, ಮದುಮಗಳು ನೀಲಿ, ಅಡುಗೆ ಕಾರ್ಯಕ್ರಮದ ಟೊಮೆಟೊ ಕೂಡ ನೀಲಿ.

"ಸತ್ತಂಗ ಆತಲ್ಲಬೇ ಇದು!"

"ಸಾಯೂದಂದ್ರ ಹೆಂಗ? ಮಾತಾಡಾಕತ್ತೈತಿ, ಕುಣಿಯಾಕತ್ತೈತಿ. ಬಣ್ಣ ಅಷ್ಟ ತಿರಗೈತಿ. ನಿನ್ನ ಕೂದಲಾ ಬೆಳ್ಳಗಾಗ್ಯಾವ, ನಿನ್ನ ಸತ್ತೀ ಅನ್ನಾಕ ಬರ್ತೈತೇನ?"

ಭಜಿ ತಿನ್ನುತ್ತಿದ್ದ ಒಬ್ಬ ಗಿರಾಕಿ ನಡುವೆ ಬಾಯಿ ಹಾಕಿದ. "ಬಾಳ ಚುಲೋ ಟಿವಿರೀ ಯಕ್ಕಾರ. ಇದರಾಗ ಕಳ್ಳರೂ ಕೃಷ್ಣದೇವ್ರಂಗ ಕಾಣ್ತಾರ."

ಗಿರಾಕಿಗಳಿಗೆ ಅಡ್ಡಿಯಿಲ್ಲದ ಮೇಲೆ ಗಂಗಾದೇವಿಗೂ ಅಡ್ಡಿಯಿರಲಿಲ್ಲ. ಟಿವಿ ನೀಲಿಯಾಗಿಯೇ ಓಡಿತು. ಅಮರಮ್ಮನಿಗೆ ಮಾತ್ರ ಧೈರ್ಯ ಬಂತು. ಎರಡೂ ನಡೆಯುತ್ತಿದ್ದರೆ ಚಂದ ಯಾವುದೋ ಅದು ಎಂದು ತಮ್ಮ ಅಂದದ್ದು ಅವಳಿಗೆ ಬಾಯಿಪಾಠ. ತನ್ನ ಟಿವಿಯ ಅಂಚಿಗೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೂಡ ಅವಳು ಇನ್ನೂ ಕಿತ್ತಿರಲಿಲ್ಲ. ಮನಸ್ಸಿನಲ್ಲೇ ಅಂಗಳದ ಮೂಲೆಯ ಒಲೆ ಸಾರಿಸಿ, ಅದರ ಮೇಲೆ ಹಂಡೆ ಇಟ್ಟೂಬಿಟ್ಟಳು.

ಏಳನೇ ವರ್ಷದ ಮಾನೌಮಿ ಬಂತು. ಹನುಮಂತರಾಯನ ಫೋನೂ ಬಂತು. "ಅಕ್ಕಾ, ಖಂಡೆಪೂಜಿ ದಿನ ನನಗ ಬಿಡುವು ಐತಿ. ಮುಂಜಾನೆ ಮಸ್ಕಿಗೆ ಹೋಗಿ ಗಂಗೀದು ನೋಡ್ತೀನಿ, ಮಧ್ಯಾಹ್ನಕ್ಕ ನಿನ್ನ ಕಡೆ ಬರ್ತೀನಿ. ಹಂಡೆ ಗಾಡ್ಯಾಗ ಹಾಕ್ಕೊಂಡ ಬರ್ತೀನಿ. ಅವತ್ತಿಗೆ ಮುಗೀಲಿದು."

ಖಂಡೆಪೂಜೆ ಅಂದರೆ ಆಯುಧಗಳ ಪೂಜೆ. ಮನೆಯ ದುಡಿಯುವ ಸಾಮಾನಿಗೆಲ್ಲ ಅಂದು ಜಳಕ, ವಿಭೂತಿ, ಕುಂಕುಮ, ಹೂವು. ದುರುಗಪ್ಪ ಅಂಗಳದಲ್ಲಿ ಕುಡುಗೋಲು, ಸಲಿಕೆ, ಗದ್ದೆಗೆ ಔಷಧ ಹೊಡೆಯುವ ಪಂಪು, ಬೈಕು ಎಲ್ಲ ತೊಳೆದ. ಒಳಗೆ ಅಮರಮ್ಮ ಮಿಕ್ಸರ್ ತೊಳೆದಳು, ಈಳಿಗೆ ತೊಳೆದಳು. ಆಮೇಲೆ ಟಿವಿಯ ಮುಂದೆ ನಿಂತಳು.

ಹಿಂದಿನ ವರ್ಷಗಳಲ್ಲಿ ಅಂಚಿಗೆ ಒಂದು ಬೊಟ್ಟು ಕುಂಕುಮ ಇಟ್ಟು ಬಿಡುತ್ತಿದ್ದಳು. ಈ ವರ್ಷ ತಮ್ಮ ಬರುವವನು. ಹಂಡೆ ಬರುವುದು. ಒಂದು ಬೊಟ್ಟಿನಲ್ಲಿ ಮುಗಿಸಿದರೆ ಹೇಗೆ? ಅರಿವೆಯನ್ನು ನೀರಲ್ಲಿ ಅದ್ದಿ, ಹಿಂಡಿಯೂ ಹಿಂಡದ ಹಾಗೆ ಮಾಡಿ, ಮೇಲಿಂದ ಕೆಳಗೆ ಎರಡು ಸಲ ಒರೆಸಿದಳು. ಬಟ್ಟಲಲ್ಲಿ ವಿಭೂತಿ ತೆಳ್ಳಗೆ ಕಲಸಿ, ಮೂರು ಬೆರಳು ಅದ್ದಿ, ಪರದೆಯ ಈ ತುದಿಯಿಂದ ಆ ತುದಿಯವರೆಗೆ ಮೂರು ಪಟ್ಟೆ ಎಳೆದಳು. ನಡುವೆ ರೂಪಾಯಿ ಅಗಲದ ಕುಂಕುಮ. ಮೇಲೆ ವೀಳ್ಯದೆಲೆಯಿಂದ ಕಳಸದ ನೀರು ಮೂರು ಸಲ ಚಿಮುಕಿಸಿದಳು. ನೀರು ಸಣ್ಣ ಸಣ್ಣ ಎಳೆಯಾಗಿ ಇಳಿದು ಕೆಳಗಿನ ಅಂಚಿನ ಸಂದಿಯಲ್ಲಿ ಮಾಯವಾಯಿತು. ಗದ್ದೆಯ ಬದುವಿನಲ್ಲಿ ನೀರು ಎಲ್ಲಿ ಇಂಗುತ್ತದೆ ಎಂದು ದೂರದಿಂದಲೇ ಹೇಳುವ ಹೆಣ್ಣಿಗೆ ಕಣ್ಣ ಮುಂದಿನ ಈ ನೀರು ಎಲ್ಲಿ ಹೋಯಿತೆಂಬುದು ಹೊಳೆಯಲಿಲ್ಲ.

ಕೈ ಮುಗಿದು, ತಮ್ಮನಿಗೆ ತೋರಿಸುವ ಮೊದಲು ಒಂದು ಸಲ ನೋಡೋಣವೆಂದು ಗುಂಡಿ ಒತ್ತಿದಳು.

ಟಿವಿ ಒಂದು ಸಲ ಮಿಂಚಿತು. ಚಿತ್ರ ಬರಲಿಲ್ಲ. ಮೇಲಿಂದ ಕೆಳಗೆ ಬಿಳಿ, ಕೆಂಪು, ಬಿಳಿ ಗೆರೆಗಳು ಎದ್ದು ನಿಂತವು.

ಕೂಗು ಕೇಳಿ ಓಡಿ ಬಂದ ದುರುಗಪ್ಪ ಸ್ವಲ್ಪ ಹೊತ್ತು ನೋಡಿದ. "ನೀ ಅಡ್ಡ ವಿಭೂತಿ ಹಚ್ಚಿದಿ," ಅಂದ ಗಂಭೀರವಾಗಿ, "ಅದಕ್ಕ ಒಪ್ಪಿಗಿ ಆಗಿಲ್ಲ. ತಾನ ಉದ್ದ ನಾಮ ಹಾಕ್ಕೊಂಡೈತಿ."

"ನಿಮಗ ನಗಿ ಬರ್ತೈತೇನ್ರಿ! ಚಾಂದ್‌ಪಾಷಾಗ ಫೋನ್ ಹಚ್ರಿ!"

ನಸೀಬು ನೋಡಿ, ಚಾಂದ್‌ಪಾಷಾ ಅವತ್ತು ತುರ್ವಿಹಾಳದಲ್ಲೇ ಯಾರದೋ ಮನೆಗೆ ಡಿಶ್ ಕೂರಿಸಲು ಬಂದಿದ್ದ. ಐದು ನಿಮಿಷದಲ್ಲಿ ಚೀಲ ಹಿಡಿದು ಬಂದ. ಟಿವಿಯನ್ನು ಗೋಡೆಯಿಂದ ಇಳಿಸಿ, ಹಿಂದೆ ತಿರುಗಿಸಿ, ಕಿಂಡಿಗಳಿಂದ ಹತ್ತಿಯನ್ನು ಒಂದೊಂದಾಗಿ ಎಳೆದು ನೆಲದ ಮೇಲೆ ಇಟ್ಟ. ಒಂದು ಸಣ್ಣ ದಿಂಬಿಗೆ ಸಾಕಾಗುವಷ್ಟು ಆಯಿತು.

"ಇದೇನಕ್ಕಾ?"

"ಇರುವಿ ಹೋಗಬಾರ್ದಂತ."

"ಇರುವಿ ಹೋಗಿಲ್ಲ. ಗಾಳೀನೂ ಹೋಗಿಲ್ಲ." ಅವನು ಕೆಳಗಿನ ಅಂಚನ್ನು ಬೆರಳಿಂದ ಒರೆಸಿ ತೋರಿಸಿದ. ಒದ್ದೆ. "ಇಲ್ಲಿ ಒಳಗ ಒಂದು ಪಟ್ಟಿ ಇರ್ತೈತಿ, ಚಿತ್ರ ಎಲ್ಲಾ ಅದರ ಮ್ಯಾಲ. ನೀರು ಅದಕ್ಕ ಇಳದೈತಿ. ಪರದಾ ಹೋತಕ್ಕಾ. ಹೊಸಾ ಪರದಾ ಹಾಕ್ಸೂ ಬದ್ಲಿ ಹೊಸಾ ಟಿವಿ ತಗೋಳೂದ ಚುಲೋ."

"ಏಳು ವರ್ಷ ಕೂಸಿನಂಗ ನೋಡ್ಕೊಂಡೀನಿ ಭಾಯ್!"

"ದಿನಕ್ಕ ಎಷ್ಟ್ ತಾಸು ಹಚ್ತಿದ್ರಿ?"

"ಅರ್ಧ ತಾಸು. ಒಂದ್ ನಿಮಿಷ ಹೆಚ್ಚಿಗಿ ಇಲ್ಲ."

ಚಾಂದ್‌ಪಾಷಾ ಮೊಬೈಲು ತೆಗೆದು ಲೆಕ್ಕ ಹಾಕಿದ. ಆಮೇಲೆ ಟಿವಿಯ ತಲೆ ನೇವರಿಸಿದ. "ಕೂಸ ಅಕ್ಕಾ ಇದು. ಖರೇನ ಕೂಸು. ದಿನಾ ಐದು ತಾಸಿನ ಲೆಕ್ಕದಾಗ ಇನ್ನೂ ಎಂಟು ತಿಂಗಳು ತುಂಬ್ಯಾವ ಅಷ್ಟ. ನಿಮ್ಮ ತಂಗೀದು ನೋಡ್ರಿ, ಮೂರು ಜನ್ಮ ಮುಗಿಸೈತಿ."

ಅಮರಮ್ಮನ ಕಣ್ಣಲ್ಲಿ ನೀರು ಬಂತು.

"ಟಿವಿ ನೋಡೂದ್ರಿಂದ ಸಾಯಂಗಿಲ್ಲಕ್ಕಾ," ಅಂದ ಅವನು ಚೀಲ ಕಟ್ಟುತ್ತ. "ಬೆಳಕು ಸ್ವಲ್ಪ ಕಮ್ಮಿ ಇಡ್ರಿ, ಹಿಂದ ಗಾಳಿ ಆಡಾಕ ಬಿಡ್ರಿ, ಗುಡುಗು ಸಿಡಿಲು ಇದ್ರ ಪ್ಲಗ್ ಕೀಳ್ರಿ, ಒಣಾ ಅರಿವೀಲೆ ಒರಸ್ರಿ. ಅಷ್ಟ ಅದಕ್ಕ ಬೇಕಾಗೂದು. ಜಳಕ ಬ್ಯಾಡ."

ಅವನು ಟಿವಿಯನ್ನು ಮತ್ತೆ ಗೋಡೆಗೆ ತೂಗುಹಾಕಿ ಹೋದ. ಬಂದ್ ಮಾಡಿದ ಮೇಲೆ ನೋಡಿದರೆ ಏನೂ ಆಗಿಲ್ಲದ ಹಾಗೆ, ವಿಭೂತಿ ಹಚ್ಚಿಕೊಂಡು, ಮಠದ ಸ್ವಾಮಿಗಳ ಹಾಗೆ ಶಾಂತವಾಗಿ ಕಾಣುತ್ತಿತ್ತು.

ಅಮರಮ್ಮ ಹೊಸ್ತಿಲ ಮೇಲೆ ಕೂತು ದಾರಿ ನೋಡಿದಳು. ಇನ್ನೊಂದು ತಾಸಿಗೆ ತಮ್ಮನ ಗಾಡಿ ಬರುವುದು. ಮನಸ್ಸಿನ ಒಲೆಯ ಮೇಲಿಂದ ಹಂಡೆ ಇಳಿದು ಮಸ್ಕಿಯ ಕಡೆ ಉರುಳಿ ಹೋಗುತ್ತಿತ್ತು.

"ಎಮ್ಮಿಗೆ ಹಸೇ ಮೇವು ಇಲ್ಲ, ಹೋಗಿ ಕೊಯ್ಕೊಂಡ ಬರ್ರಿ," ಅಂದಳು ಗಂಡನಿಗೆ, ಯಾರ ಮೇಲಾದರೂ ಸಿಟ್ಟು ಇಳಿಸಬೇಕಲ್ಲ.

"ಹೆಂಗ ಕೊಯ್ಲಿ? ಪೂಜಿಗೆ ಇಟ್ಟ ಕುಡುಗೋಲು ನಾಳೆ ಬನ್ನಿ ಮುಡಿಯೋತನ ಮುಟ್ಟಂಗಿಲ್ಲ. ನಿನಗ ಗೊತ್ತಿಲ್ಲೇನ?"

ಅಮರಮ್ಮ ಎದ್ದು ನಿಂತಳು. ಗಂಡನನ್ನು ಮದುವೆಯಾದ ಹೊಸದರಲ್ಲಿ ನೋಡಿದ ಹಾಗೆ ನೋಡಿದಳು. "ನಿಮ್ಮ ಬಾಯಾಗ ಸಕ್ರಿ ಹಾಕಬೇಕ್ರಿ!" ಅಂದವಳೇ ಒಳಗೆ ಓಡಿದಳು.

ಗಾಡಿ ಬರುವಷ್ಟರಲ್ಲಿ ಟಿವಿಯ ಕೊರಳಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು, ಎರಡೂ ಬದಿಗೆ ಲಿಂಬೆಹಣ್ಣು, ಮುಂದೆ ದೀಪ, ಊದುಬತ್ತಿ. ದೇವರ ಜಗಲಿಯ ಮೇಲಿನ ದೇವರಿಗೆ ಅವತ್ತು ಅಷ್ಟು ಹೂವು ಸಿಕ್ಕಿರಲಿಲ್ಲ.

ಹನುಮಂತರಾಯನ ಗೂಡ್ಸ್ ಆಟೋದಿಂದ ಮೊದಲು ಗಂಗಾದೇವಿ ಇಳಿದಳು, ಆಮೇಲೆ ಹಂಡೆ. ಹುಣಸೆಹುಳಿ ಹಾಕಿ ತಿಕ್ಕಿದ್ದರಿಂದ ಅದು ಅಂಗಳದ ಬಿಸಿಲಲ್ಲಿ ಧಗಧಗ ಹೊಳೆಯಿತು. ಅಮರಮ್ಮ ಅದನ್ನು ನೋಡದವಳ ಹಾಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು.

"ಗಂಗೀದು ನೋಡ್ಕೊಂಡ ಬಂದೆ," ಅಂದ ಹನುಮಂತರಾಯ. "ನೀಲಿ ಐತಿ, ಆದ್ರ ನಡೆಯಾಕತ್ತೈತಿ. ನಿಂದು ಚಾಲೂ ಮಾಡಕ್ಕ."

"ಹೆಂಗ ಮಾಡ್ಲೋ ತಮ್ಮಾ? ಖಂಡೆಪೂಜಿಗೆ ಇಟ್ಟೀನಿ. ಬನ್ನಿ ಮುಡಿಯೋತನ ಮುಟ್ಟಂಗಿಲ್ಲ."

"ಟಿವಿ ಯಾವಾಗಿಂದ ಆಯುಧ ಆತಬೇ?" ಅಂದಳು ಗಂಗಾದೇವಿ.

"ಕರೆಂಟಿನ ಮ್ಯಾಲ ಓಡೂದೆಲ್ಲಾ ಆಯುಧ."

"ನನ್ನ ಕಡಾಯಿಗೂ ಪೂಜಿ ಮಾಡೀನಿ, ಟಿವಿಗೂ ಮಾಡೀನಿ. ಎರಡೂ ಇವತ್ತು ದುಡಿಯಾಕತ್ತಾವ. ಹಬ್ಬದ ದಿನದಾಗ ಗಿರಾಕಿ ಬಿಟ್ಟು ಮಲಗು ಅಂತ ಯಾವ ದೇವ್ರೂ ಹೇಳಿಲ್ಲ."

"ನಿನ್ನ ಮನಿ ರೂಢಿ ನಿನಗ, ನನ್ನ ಮನಿ ರೂಢಿ ನನಗ."

ಹನುಮಂತರಾಯ ಮಾಲೆ ನೋಡಿದ, ದೀಪ ನೋಡಿದ. ಅವನು ದೇವರಿಗೆ ಅಂಜುವ ಮನುಷ್ಯ. ನಾಳೆ ತನ್ನ ಊರಿನಲ್ಲಿ ಬನ್ನಿ ಕೊಡಬೇಕು, ಇಲ್ಲಿ ಉಳಿಯುವ ಹಾಗಿಲ್ಲ. ಹತ್ತಿರ ಹೋಗಿ ಟಿವಿಯ ಅಂಚು ಮುಟ್ಟಿದ. ಪ್ಲಾಸ್ಟಿಕ್ ಹಾಳೆ ಇನ್ನೂ ಇತ್ತು. ಕೆಳಗೆ ಮಡಚಿಟ್ಟ ಕೌದಿ ನೋಡಿದ.

"ಇದರ ಕೌದಿ ಏನಕ್ಕ ಇದು?"

"ಹೂಂ."

"ನನ್ನ ಮಕ್ಕಳಿಗೂ ಇಷ್ಟು ಚಂದನ್ನ ಕೌದಿ ಇಲ್ಲ." ಅವನು ಸೋತವನ ಹಾಗೆ ತಲೆಯಾಡಿಸಿದ. "ಇದನ್ನ ಚಾಲೂ ಮಾಡಿ ನೋಡೂದ ಬ್ಯಾಡ. ಡಬ್ಬ್ಯಾಗಿಂದ ಈಗ ತೆಗದಂಗ ಐತಿ. ಜ್ವಾಪಾನ ಅಂದ್ರ ಇದು. ಹಂಡೆ ಅಕ್ಕಂದು."

ಈಗ ಗಂಗಿ ಕೂಗಾಡುತ್ತಾಳೆ ಎಂದು ಅಮರಮ್ಮ ಸೆರಗು ಬಿಗಿದು ತಯಾರಾದಳು. ಅದಕ್ಕೆ ಕೊಡಬೇಕಾದ ಉತ್ತರ ನಾಲ್ಕು ಅವಳ ನಾಲಿಗೆಯ ಮೇಲೆಯೇ ಇದ್ದವು. ಆದರೆ ಗಂಗಿ ಕೂಗಾಡಲಿಲ್ಲ. ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಹೊಟ್ಟೆಯ ತಗ್ಗಿನಲ್ಲಿ ಅಂಗೈ ಇಟ್ಟಳು.

"ಯಕ್ಕಾ, ಒಂದು ಮಾತು. ಕಲಾಯಿ ಬೇಕಾರ ಹಾಕ್ಸು. ಈ ತಗ್ಗು ಮಾತ್ರ ಬಡಸಬ್ಯಾಡ. ಹಿಂಗ ಇರ್ಲಿ."

ಅಷ್ಟೇ ಅಂದದ್ದು. ಅಮರಮ್ಮನ ನಾಲಿಗೆಯ ಮೇಲಿನ ನಾಲ್ಕೂ ಉತ್ತರ ಒಣಗಿದವು.

ಆ ತಗ್ಗು ಮಾಡಿದವಳು ಅಮರಮ್ಮನೇ. ಹತ್ತು ವರ್ಷದವಳಿದ್ದಾಗ ಖಾಲಿ ಹಂಡೆಯನ್ನು ಗಾಲಿಯ ಹಾಗೆ ಅಂಗಳದಲ್ಲಿ ಉರುಳಿಸಲು ಹೋಗಿ ಒರಳುಕಲ್ಲಿಗೆ ಬಡಿದಿದ್ದಳು. ಸಪ್ಪಳಕ್ಕೆ ಅವ್ವ ಹೊರಗೆ ಬರುವಷ್ಟರಲ್ಲಿ ಬಣವೆಯ ಹಿಂದೆ ಸೇರಿದ್ದಳು. ಹಂಡೆಯ ಹತ್ತಿರ ನಿಂತು ಸಿಕ್ಕವಳು ಏಳು ವರ್ಷದ ಗಂಗಿ. ತೊಗರಿಕಟ್ಟಿಗೆಯ ಏಟು ಎಷ್ಟು ಬಿದ್ದವೆಂದು ಅಮರಮ್ಮ ಬಣವೆಯ ಹಿಂದೆಯೇ ಎಣಿಸಿದ್ದಳು: ಆರು. ಗಂಗಿ ಅಕ್ಕನ ಹೆಸರು ಹೇಳಲಿಲ್ಲ. ಆಮೇಲೆ ನಲವತ್ತು ವರ್ಷದ ಜಗಳಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಏನೇನೋ ಅಂದಿದ್ದಾರೆ. ಆ ಆರು ಏಟಿನ ಮಾತನ್ನು ಗಂಗಿ ಒಂದು ಸಲವೂ ತೆಗೆದವಳಲ್ಲ.

ಹನುಮಂತರಾಯ ಹಂಡೆ ಎತ್ತಿ ಅಂಗಳದ ಮೂಲೆಯ ಕಡೆ ಹೊರಟಿದ್ದ.

"ಏ, ಇಳಸು ಅದನ್ನ," ಅಂದಳು ಅಮರಮ್ಮ. ಸೀದಾ ಒಳಗೆ ಹೋಗಿ, ಮಾಲೆ ಸರಿಸಿ, ಗುಂಡಿ ಒತ್ತಿದಳು.

ಎಲ್ಲರೂ ಒಳಗೆ ಬಂದು ನೋಡಿದರು. ಹನುಮಂತರಾಯ ಕಣ್ಣು ಸಣ್ಣ ಮಾಡಿದ. "ವಿಭೂತಿ ಒರಸಕ್ಕ. ಚಿತ್ರ ಕಾಣವಲ್ದು."

ಅವಳು ಸೆರಗಿನಿಂದ ಒರೆಸಿದಳು. ಅಡ್ಡ ಪಟ್ಟೆಗಳು ಹೋದವು.

"ಈ ಉದ್ದಾನೂ ಒರಸು."

"ಅವು ನಾ ಹಚ್ಚಿದ್ದಲ್ಲೋ ತಮ್ಮಾ," ಅಂದಳು ಅಮರಮ್ಮ. "ಅದ ಹಚ್ಚಿಕೊಂಡದ್ದು."

ಹನುಮಂತರಾಯ ಬಗ್ಗಿ ಒಂದು ಗೆರೆಯ ಮೇಲೆ ಬೆರಳು ಆಡಿಸಿ ನೋಡಿದ. ಆಮೇಲೆ ಗಂಗಾದೇವಿಯ ಹೊಟ್ಟೆಯಿಂದ ಒಂದು ನಗೆ ಹೊರಟಿತು. ಅವಳು ಗೋಡೆ ಹಿಡಿದು ನಕ್ಕಳು, ಕೂತು ನಕ್ಕಳು, ಕೌದಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗೆ ಕೇಳಿ ಪೀರಮ್ಮ ಕಂಪೌಂಡಿನ ಮೇಲಿಂದ ತಲೆ ಹಾಕಿದಳು.

"ದೇವ್ರ ಮುಂದ ಸುಳ್ಳು ಹೇಳಿದೇನಕ್ಕ?" ಹನುಮಂತರಾಯನಿಗೆ ಮಾತ್ರ ಸಿಟ್ಟು.

"ಸುಳ್ಳೆಲ್ಲಿ ಹೇಳೀನೋ? ಮುಟ್ಟಂಗಿಲ್ಲ ಅಂದೆ. ಕೆಟ್ಟಿಲ್ಲ ಅಂದೇನೇನ?" ಅವಳು ಕಣ್ಣು ಒರೆಸಿಕೊಂಡಳು. "ಹಂಡೆ ಗಂಗೀದು. ಮತ್ತ ಇನ್ನೊಂದು ಕೇಳು. ಅದರ ತಗ್ಗು ಮಾಡಿದಾಕಿ ನಾನು. ಬಡಿತ ತಿಂದಾಕಿ ಇಕಿ."

"ನನಗೇನ್ ಹೊಸಾದಾಗಿ ಹೇಳ್ತೀ?" ಅಂದಳು ಗಂಗಾದೇವಿ ಕೌದಿಯೊಳಗಿಂದ. "ನಾ ಅಲ್ಲೇ ಇದ್ನಲ್ಲ."

ಫೈಸ್ಲಾ ಆಯಿತು. ಹನುಮಂತರಾಯ ಹಂಡೆಯನ್ನು ಮತ್ತೆ ಗಾಡಿಗೆ ಏರಿಸಲು ಹೋದಾಗ ಗಂಗಾದೇವಿ ನಗು ನಿಲ್ಲಿಸಿದಳು.

"ಏ ಅಣ್ಣಾ, ಎಲ್ಲಿಗಿ ಒಯ್ತೀ?"

"ನಿಮ್ಮ ಮನಿಗೆ."

"ಎಲ್ಲಿ ಇಡ್ಲಿ? ಅಂಗಡಿ ಹಿಂದ ಎರಡು ಖೋಲಿ, ಅಡಿಗಿ ಗ್ಯಾಸಿನ ಮ್ಯಾಲ. ಒಲಿ ಹೂಡಾಕ ಅಂಗಳ ಇಲ್ಲ. ಇದು ಬಾಗಿಲದಾಗ ಹಿಡಿಯಂಗೂ ಇಲ್ಲ."

ಹನುಮಂತರಾಯ ಹಂಡೆಯನ್ನು ನೆಲಕ್ಕೆ ಕುಕ್ಕಿದ. "ಮತ್ತ ಏಳು ವರ್ಷ ಯಾಕ ಜಗಳಾಡಿದಿ?"

"ಅಕ್ಕ ಬೇಕಂದಳಲ್ಲ, ಅದಕ್ಕ."

ಅಮರಮ್ಮನಿಗೆ ಅದು ಸರಿಯಾದ ಉತ್ತರವೆಂದೇ ತೋರಿತು. ಅವಳಾಗಿದ್ದರೂ ಅದನ್ನೇ ಹೇಳುತ್ತಿದ್ದಳು.

ಕಡೆಗೆ ಆದದ್ದು ಇಷ್ಟು. ಹಂಡೆ ಗಂಗಾದೇವಿಯದು, ಆದರೆ ಕೂರುವುದು ತುರ್ವಿಹಾಳದ ಅಂಗಳದ ಒಲೆಯ ಮೇಲೆ. ಗಂಗಾದೇವಿ ಒಂದೇ ಷರತ್ತು ಹಾಕಿದಳು: ದಿನಾ ಅದರಲ್ಲಿ ನೀರು ಕಾಯಬೇಕು, ಅದಕ್ಕೆ ಕೌದಿ ಹೊಚ್ಚಕೂಡದು. ಅಕ್ಕ ಟಿವಿ ಇಲ್ಲದೆ ಇರಬಾರದೆಂದು, ತಾನು ಅಂಗಡಿಗೆ ಹೊಸದು ತಗೊಂಡು ನೀಲಿಯದನ್ನು ಕಳಿಸಿಕೊಡುವುದಾಗಿಯೂ ಹೇಳಿದಳು. ಹಲ್ಲಿಯ ಸಂಸಾರದ ಸಮೇತ.

ಇಪ್ಪತ್ತು ದಿನಕ್ಕೆ ದೀಪಾವಳಿಯ ನೀರು ತುಂಬುವ ಹಬ್ಬ. ಗಂಗಾದೇವಿ ಅಂಗಡಿ ಬಂದ್ ಮಾಡಿ ಆ ಸಂಜೆಯೇ ಬಂದಳು. ಅಕ್ಕ ತಂಗಿ ಸೇರಿ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಗೆರೆ ಬರೆದು, ಬಾಯಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿದರು. ಬಳ್ಳಿ ಯಾರು ಕಟ್ಟಬೇಕೆಂದು ಸ್ವಲ್ಪ ಜಗಳವೂ ಆಯಿತು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಮನೆಮಂದಿಯೆಲ್ಲ ಜಳಕ ಮಾಡಿದರು. ಗಂಗಾದೇವಿ ನಾಲ್ಕು ಕೊಡ ನೀರು ಮುಗಿಸಿ ಹೊರಗೆ ಬಂದು, ಭಜಿಯ ಹಾಗೆ ಕೆಂಪಗಾಗಿ, "ಏಳು ವರ್ಷದ ಎಣ್ಣಿ ಇವತ್ತು ಇಳೀತು" ಅಂದಳು.

ಮಧ್ಯಾಹ್ನ ಹೋಳಿಗೆಯ ಊಟ ಮುಗಿಯಿತು. ಟಿವಿ ಬೆಳಗಿನಿಂದಲೂ ಓಡುತ್ತಲೇ ಇತ್ತು. ದುರುಗಪ್ಪ ಅದರ ಮುಂದೆ ಕಾಲು ಚಾಚಿ ಒರಗಿದ್ದ. ಏಳು ವರ್ಷದ ಬಾಕಿಯನ್ನೆಲ್ಲ ಅವನು ಎರಡೇ ವಾರದಲ್ಲಿ ನೋಡಿ ಮುಗಿಸುವವನ ಹಾಗಿದ್ದ. ನೀಲಿ ಆಟಗಾರರು ನೀಲಿ ಹುಲ್ಲಿನ ಮೇಲೆ ನೀಲಿ ಚೆಂಡಿನ ಹಿಂದೆ ಓಡುತ್ತಿದ್ದರು. ಯಾರು ಯಾವ ಕಡೆಯವರೆಂದು ತಿಳಿಯದೆ ಅವನು ಇಬ್ಬರಿಗೂ ಚಪ್ಪಾಳೆ ಹೊಡೆದು, ಸ್ವಲ್ಪ ಹೊತ್ತಿನಲ್ಲಿ ಗೊರಕೆ ಹೊಡೆಯತೊಡಗಿದ.

ಅಮರಮ್ಮ ಒಳಗಿನಿಂದ ಇಳಕಲ್ ಸೀರೆಯ ಕೌದಿ ತಗೊಂಡು ಬಂದಳು. ಕೈಗೆ ಏಳು ವರ್ಷದ ರೂಢಿ, ಸೀದಾ ಟಿವಿಯ ಕಡೆ ಹೊರಟಿತು.

"ಯಕ್ಕಾ," ಅಂದಳು ಗಂಗಾದೇವಿ.

"ಗೊತ್ತೈತಿ ಸುಮ್ನಿರಬೇ."

ಅವಳು ತಿರುಗಿ ಕೌದಿಯನ್ನು ಗಂಡನ ಮೇಲೆ ಹೊಚ್ಚಿದಳು. ಎದೆಗೆ ಎಳೆದರೆ ಮೊಣಕಾಲಿಗೆ ಸಾಲಲಿಲ್ಲ, ಮೊಣಕಾಲಿಗೆ ಎಳೆದರೆ ಎದೆಗೆ ಸಾಲಲಿಲ್ಲ. ಟಿವಿಯ ಅಳತೆಗೆ ಹೊಲಿದದ್ದು. ದುರುಗಪ್ಪನ ಹೆಬ್ಬೆರಳು, ಜೊತೆಗೆ ಉಳಿದ ಒಂಬತ್ತು ಬೆರಳುಗಳೂ, ಟಿವಿ ನೋಡುತ್ತ ಹೊರಗೇ ಉಳಿದವು.